ಆವರಣದ ಒಳಗೆ, ಹೊರಗೆ

ಎಂಟನೇ ಕ್ಲಾಸಿನ ಗಣಿತದಲ್ಲಿ ಒಂದು ಪಾಠ ಆವರಣ ಬಿಡಿಸು ಅನ್ನುತ್ತದೆ, ಇನ್ನೊಂದು ಪಾಠ ಆವರಣ ಹಾಕು ಅನ್ನುತ್ತದೆ. ಮೊದಲನೆಯದರಲ್ಲಿ (ಯ + 2)(ಯ + 3) ಪ್ರಶ್ನೆ, ಯ² + 5ಯ + 6 ಉತ್ತರ. ಎರಡನೆಯದರಲ್ಲಿ ಯ² + 5ಯ + 6 ಪ್ರಶ್ನೆ, (ಯ + 2)(ಯ + 3) ಉತ್ತರ. ಎರಡಕ್ಕೂ ಅಂಕ ಸಿಗುತ್ತದೆ. ಸಮಾಜ ವಿಜ್ಞಾನದಲ್ಲಿ ಪ್ರಶ್ನೆ ಪ್ರಶ್ನೆಯಾಗಿಯೇ ಇರುತ್ತದೆ, ಉತ್ತರ ಉತ್ತರವಾಗಿಯೇ ಇರುತ್ತದೆ. ಇಲ್ಲಿ ಮಾತ್ರ ಎರಡೂ ಜಾಗ ಬದಲಾಯಿಸಿಕೊಂಡು ಕೂತಿವೆ.

"ಹೋದ ತಿಂಗಳು ಬಿಡಿಸಿದ್ದೇ ಆಯ್ತು. ಈಗ ಮತ್ತೆ ಯಾಕ್ ಮಾವ ಕಟ್ಬೇಕು?" ತಂಗಿಯ ಮಗಳ ತಕರಾರು. ನ್ಯಾಯವಾದ ತಕರಾರೇ.

ತಂಗಿಯ ಮನೆ ಇರುವುದು ಪಾಳ್ಯದಲ್ಲಿ. ಆಲೂರು ತಾಲ್ಲೂಕಿನ ಹೋಬಳಿ ಊರು, ಹಾಸನದಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ. ಬಯಲುಸೀಮೆ ಮುಗಿಯಿತೋ ಮಲೆನಾಡು ಶುರುವಾಯಿತೋ ಎಂದು ಹೇಳಲಾಗದ ಜಾಗ. ಒಂದು ಪಕ್ಕದಲ್ಲಿ ಭತ್ತ, ಜೋಳ, ಶುಂಠಿ. ಇನ್ನೊಂದು ಪಕ್ಕದಲ್ಲಿ ಕಾಫಿ, ಮೆಣಸು. ನಾನು ಗಣಿತ ಕಲಿಸುವವನಲ್ಲ. ಮಳೆ ಹಿಡಿದು ಕರೆಂಟ್ ಹೋದ ಸಂಜೆಗಳಲ್ಲಿ ಹುಡುಗಿಯ ಪಕ್ಕ ಕೂತು, ಅರ್ಥವಾಗದ್ದನ್ನು ಬರೆದಿಟ್ಟುಕೊಂಡಿದ್ದೇನೆ, ಅಷ್ಟೆ.

ಪುಸ್ತಕದಲ್ಲಿರುವುದು ಎಕ್ಸ್. ನನ್ನ ಈ ನೋಟ್‌ಬುಕ್ಕಿನಲ್ಲಿ ಅದು 'ಯ'. ಯಾಕೆ ಅಂದರೆ—

*

ಎರಡನೇ ಭಾಸ್ಕರಾಚಾರ್ಯ ಹುಟ್ಟಿದ್ದು 1114ರಲ್ಲಿ. ಸಹ್ಯಾದ್ರಿ ಸೀಮೆಯ ಬಿಜ್ಜಡವಿಡ ತನ್ನೂರು ಎಂದು ಆತನೇ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರ ಎನ್ನುವವರಿದ್ದಾರೆ, ಮಹಾರಾಷ್ಟ್ರದ ಪಾಟಣದ ಕಡೆಗೆ ಎಳೆಯುವವರೂ ಇದ್ದಾರೆ, ಜಗಳ ಇನ್ನೂ ಹರಿದಿಲ್ಲ. 1150ರಲ್ಲಿ ಆತ ಮುಗಿಸಿದ ಸಿದ್ಧಾಂತಶಿರೋಮಣಿಯಲ್ಲಿ ಬೀಜಗಣಿತಕ್ಕೇ ಒಂದು ಭಾಗ. ಗೊತ್ತಿಲ್ಲದ ಮೊದಲ ಸಂಖ್ಯೆಗೆ ಅಲ್ಲಿ ಯಾವತ್ತಾವತ್ ಎಂದು ಹೆಸರು, ಬರೆಯುವಾಗ ಬರೀ 'ಯಾ'. ಇನ್ನೊಂದು ಗೊತ್ತಿಲ್ಲದ್ದು ಬಂದರೆ ಕಾಲಕ, ಅಂದರೆ ಕಪ್ಪು: 'ಕಾ'. ಆಮೇಲೆ ನೀಲಕ, ಪೀತಕ, ಲೋಹಿತಕ: 'ನೀ', 'ಪೀ', 'ಲೋ'. ಬರೀ ಅಂಕಿಯಾದರೆ 'ರೂ'. ಋಣ ಸಂಖ್ಯೆಯ ನೆತ್ತಿಯ ಮೇಲೆ ಒಂದು ಚುಕ್ಕಿ. ಬಣ್ಣದ ಈ ಪದ್ಧತಿ ಭಾಸ್ಕರನಿಗಿಂತಲೂ ಹಳೆಯದು. ಪಾಟಿಯ ಮೇಲೆ ಕಪ್ಪು, ನೀಲಿ, ಹಳದಿ, ಕೆಂಪು ಎಂದುಕೊಂಡು ಸಂಖ್ಯೆ ಬೇಟೆಯಾಡಿದವರ ಮುಂದೆ ನಮ್ಮ ಎಕ್ಸ್, ವೈ ಎಷ್ಟು ನೀರಸ!

ಅದಿರಲಿ. ಕೂಡುವುದು, ಕಳೆಯುವುದು ಒಂದೇ ಜಾತಿಯವುಗಳ ನಡುವೆ ಮಾತ್ರ, ಬೇರೆ ಜಾತಿಯವು ಬೇರೆಬೇರೆಯಾಗಿಯೇ ನಿಲ್ಲಬೇಕು ಎಂಬ ನಿಯಮ ಅಲ್ಲೇ ಇದೆ. 3ಯ + 4ಯ ಸೇರಿ 7ಯ ಆಗುತ್ತದೆ, 3ಯ + 4ಕ ಮಾತ್ರ ಹಾಗೇ ಉಳಿಯುತ್ತದೆ. ಹುಡುಗಿಯ ಪುಸ್ತಕದ 'ಸಜಾತೀಯ ಪದ, ವಿಜಾತೀಯ ಪದ' ಇದೇ.

*

ಸಜಾತೀಯವನ್ನು ವಿವರಿಸಲು ಎಲ್ಲರೂ ಹಿಡಿಯುವ ದಾರಿ: ಮೂರು ಮೂಟೆ ಚೆರಿ (ಸಿಪ್ಪೆಯೊಂದಿಗೇ ಒಣಗಿಸಿದ ಕಾಫಿ ಹಣ್ಣು), ಎರಡು ಮೂಟೆ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ಒಣಗಿಸಿದ ಕಾಫಿ ಬೀಜ), ಕೂಡುವುದಕ್ಕಾಗುತ್ತಾ? ಆಗಲ್ಲ. ಅದಕ್ಕೇ 3ಅ + 2ಬ ಕೂಡಲಾಗದು.

ಮಕ್ಕಳಿಗೆ ತಕ್ಷಣ ಹತ್ತುತ್ತದೆ. ನನಗೇ ಹತ್ತದ್ದು. 'ಅ' ಅಂದರೆ ಚೆರಿ ಮೂಟೆ ಆದರೆ ಅ² ಅಂದರೆ ಏನು? ಮೂಟೆಯನ್ನು ಮೂಟೆಯಿಂದ ಗುಣಿಸುವುದು ಹೇಗೆ? ಅಬ ಅಂದರೆ ಚೆರಿ ಗುಣಿಸು ಪಾರ್ಚ್‌ಮೆಂಟ್? 'ಅ' ಮೂಟೆಯಲ್ಲ, ಒಂದು ಮೂಟೆಯ ಬೆಲೆ, ಅಂದರೆ ಸಂಖ್ಯೆ. ಬೆಲೆ ಎಂದುಕೊಂಡ ಕೂಡಲೇ 3ಅ + 2ಬ ಧಾರಾಳವಾಗಿ ಕೂಡಲು ಬರುತ್ತದೆ, ಎರಡೂ ರೂಪಾಯಿಯೇ. ಬೆಲೆ ಎಷ್ಟೆಂದು ಇನ್ನೂ ತಿಳಿಯದ್ದರಿಂದ ಲೆಕ್ಕ ಅಲ್ಲಿಗೆ ನಿಂತಿದೆ. ಕೂಡಬಾರದು ಎಂಬ ನಿಷೇಧವಲ್ಲ, ಕೂಡುವುದನ್ನು ಮುಂದಕ್ಕೆ ಹಾಕಿದ್ದು. ಈ ಎರಡಕ್ಕೂ ಬಹಳ ವ್ಯತ್ಯಾಸವಿದೆ, ಮೂಟೆಯ ಉದಾಹರಣೆ ಆ ವ್ಯತ್ಯಾಸವನ್ನು ನುಂಗಿಹಾಕುತ್ತದೆ.

*

ಬಿಡಿಸಿದ್ದೂ ಕಟ್ಟಿದ್ದೂ ಒಂದೇ ಅನ್ನುವುದನ್ನು ಹುಡುಗಿ ನಂಬಲೊಲ್ಲಳು. ಯ ಜಾಗಕ್ಕೆ 10 ಹಾಕು ಅಂದೆ. (10 + 2)(10 + 3), ಅಂದರೆ 12 × 13 = 156. ಇನ್ನೊಂದು ಕಡೆ 100 + 50 + 6 = 156. ನಂಬಿದಳು.

ನನಗೆ ಮಾತ್ರ ಹೊಸ ತಲೆನೋವು. 156ರಲ್ಲಿರುವ 1, 5, 6 ಅಂದರೆ ಯ² + 5ಯ + 6ರ ಸಹಗುಣಕಗಳೇ! ಅಂದರೆ ಒಂದನೇ ಕ್ಲಾಸಿನಿಂದ ನಾವು ಬರೆಯುತ್ತಾ ಬಂದ ಸಂಖ್ಯೆಗಳೆಲ್ಲ ಬಿಡಿಸಿದ ರೂಪದವು. ನೂರು, ಹತ್ತು, ಬಿಡಿ ಎಂದು ಹರಡಿಟ್ಟವು. 156ನ್ನು 12 × 13 ಎಂದು ಯಾರೂ ಬರೆಯುವುದಿಲ್ಲ. ಗೇಟಿನ ಮುಂದೆ ಅಡಿಕೆ ಸಸಿ ನೆಡುವವನೊಬ್ಬನಿಗೆ ಮಾತ್ರ 12 ಸಾಲು, ಸಾಲಿಗೆ 13 ಎಂಬುದು ಬೇಕಾಗುತ್ತದೆ. ಅವನಿಗೆ 156 ಎಂಬುದು ಆಮೇಲಿನ ಮಾತು, ನರ್ಸರಿಯಲ್ಲಿ ದುಡ್ಡು ಎಣಿಸುವಾಗಿನ ಮಾತು.

*

ಜನವರಿ. ಊರಿನ ಕಣಗಳಲ್ಲೆಲ್ಲ ರೊಬಸ್ಟಾ ಹರಡಿದೆ.

ಕಾಫಿ ಚೆರಿಯನ್ನು ಇಲ್ಲಿ ಬರೀ ತೂಕಕ್ಕೆ ಕೊಳ್ಳುವುದಿಲ್ಲ. ಒಣಗಿದ ಚೆರಿಯ ಮೂಟೆ 50 ಕಿಲೋ. ಸಿಪ್ಪೆ ತೆಗೆದರೆ ಅದರಲ್ಲಿ ಎಷ್ಟು ಕಿಲೋ ಬೇಳೆ ಬರುತ್ತದೋ ಅದು 'ಓಟಿ', ಅಂದರೆ ಔಟ್‌ಟರ್ನ್. ಚೆರಿಗೆ 26ರ ಆಸುಪಾಸು, ಪಾರ್ಚ್‌ಮೆಂಟಿಗಾದರೆ 40ರ ಆಸುಪಾಸು. ವ್ಯಾಪಾರಿಯ ಕಡೆಯವನು ಮೂಟೆಗಳಿಂದ ಒಂದೊಂದು ಹಿಡಿ ತೆಗೆದು ಬೆರೆಸಿ, ಸ್ವಲ್ಪವನ್ನು ತೂಗಿ, ಪುಟ್ಟ ಮಿಷನ್ನಿಗೆ ಹಾಕಿ ಸಿಪ್ಪೆ ಬಿಡಿಸುತ್ತಾನೆ. ಹೊಟ್ಟು ಊದಿ ಬೇಳೆಯನ್ನು ಮತ್ತೆ ತೂಗುತ್ತಾನೆ. ತೇವ ನೋಡುವ ಮೀಟರು ಬೇರೆ. ಆಮೇಲೆ ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲೋ ರಸೀತಿ ಪುಸ್ತಕದ ಅಂಚಿನಲ್ಲೋ ಲೆಕ್ಕ. ರೇಟು 'ಪಾಯಿಂಟಿಗೆ' ಇಷ್ಟು ಅಂತ. ಮೂಟೆಯ ಬೆಲೆ ಎಂದರೆ ಓಟಿಯನ್ನು ಪಾಯಿಂಟ್ ರೇಟಿನಿಂದ ಗುಣಿಸಿದ್ದು.

ಮನೆಯಲ್ಲಿ ಮೂರು ರಾಶಿ ಇತ್ತು ಎನ್ನಿ. 12 ಮೂಟೆಗೆ ಓಟಿ 26, 8 ಮೂಟೆಗೆ 27, ನೆರಳಲ್ಲಿ ಒಣಗಿದ 10 ಮೂಟೆಗೆ 25.5. ಪಾಯಿಂಟಿನ ರೇಟು 'ರ'. ಪುಸ್ತಕದ ರೀತಿಯಲ್ಲಿ ಬರೆದರೆ

(12 × 26)ರ + (8 × 27)ರ + (10 × 25.5)ರ

ಯಾವ ವ್ಯಾಪಾರಿಯೂ, ಯಾವ ಬೆಳೆಗಾರನೂ ಇದನ್ನು ಮೂರು ಸಲ ರೇಟಿನಿಂದ ಗುಣಿಸಿ ಕೂಡುವುದಿಲ್ಲ. 312, 216, 255. ಒಟ್ಟು 783 ಪಾಯಿಂಟ್. ಅಲ್ಲಿಗೆ ಪೆನ್ನು ಕೆಳಗಿಡುತ್ತಾರೆ. ರೇಟು ಇನ್ನೂ ಗೊತ್ತಿಲ್ಲ ನೋಡಿ. ರೊಬಸ್ಟಾ ಲಂಡನ್ನಿನ ಮಾರುಕಟ್ಟೆ ನೋಡಿಕೊಂಡು ಕುಣಿಯುತ್ತದೆ, ಅರೇಬಿಕಾ ನ್ಯೂಯಾರ್ಕಿನದನ್ನು. "ಇವತ್ತು ಪಾಯಿಂಟ್ ಎಷ್ಟಂತೆ?" ಎಂದು ಬಾಳ್ಳುಪೇಟೆಗೋ ಸಕಲೇಶಪುರಕ್ಕೋ ಫೋನು ಹೋಗುತ್ತದೆ. ಉತ್ತರ ಬರುವ ತನಕ 783 ಅಲ್ಲಿ ಕಾದು ಕೂತಿರುತ್ತದೆ.

ಸಾಮಾನ್ಯ ಅಪವರ್ತನವನ್ನು ಹೊರಗೆ ತೆಗೆಯುವುದು ಅಂದರೆ ಇದು! ಗೊತ್ತಿಲ್ಲದ್ದನ್ನು ಆವರಣದ ಹೊರಗೆ ನಿಲ್ಲಿಸಿ, ಗೊತ್ತಿರುವುದನ್ನೆಲ್ಲ ಒಳಗೆ ಮುಗಿಸಿಬಿಡುವುದು. ಇನ್ನೊಂದು ಲಾಭವೂ ಇದೆ. 783ರ ಎಂದು ಬರೆದ ಕ್ಷಣ, ಪಾಯಿಂಟಿಗೆ ಒಂದು ರೂಪಾಯಿ ಏರಿದರೆ ಕೈಗೆ 783 ರೂಪಾಯಿ ಹೆಚ್ಚು ಎಂಬುದು ಲೆಕ್ಕ ಮಾಡದೆಯೇ ಕಾಣುತ್ತದೆ. ಇವತ್ತು ಮಾರಲೋ ನಾಳೆ ಮಾರಲೋ ಎಂದು ಒದ್ದಾಡುವವನಿಗೆ ಬೇಕಾದ್ದು ಅದೇ.

ತಂಗಿಯ ಗಂಡ ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವರು. ಅಪವರ್ತನ ಎಂಬ ಮಾತು ಕೇಳಿದರೆ ಎದ್ದುಹೋಗುತ್ತಾರೆ. ಪಾಯಿಂಟ್ ಲೆಕ್ಕದಲ್ಲಿ ಅವರನ್ನು ಮೋಸ ಮಾಡಲು ಇಲ್ಲಿ ಯಾರಿಗೂ ಆಗಿಲ್ಲ. ಮಗಳ ಪುಸ್ತಕದಲ್ಲಿ ಅದೇ ಕೆಲಸ 7ಪ + 14ಫ = 7(ಪ + 2ಫ) ಎಂಬ ಸಾಲಿನಲ್ಲಿದೆ. ಯಾರಿಗಾಗಿ, ಯಾವಾಗ, ಏನು ತಿಳಿಯದೆ ಹೋದಾಗ ಇದು ಬೇಕಾಗುತ್ತದೆ ಎಂಬ ಸೊಲ್ಲೇ ಇಲ್ಲ.

*

(ಅ + ಬ)² ಎಷ್ಟು ಎಂದರೆ ಅ² + ಬ² ಎಂದು ಹುಡುಗಿ ಬರೆದಳು. ಬರೆಯದ ಮಕ್ಕಳು ಎಲ್ಲಿದ್ದಾರೆ? 2(ಅ + ಬ) ಅಂದರೆ 2ಅ + 2ಬ ಎಂದು ಆಗತಾನೇ ಕಲಿತಿರುತ್ತಾರೆ. ಹೊರಗಿರುವುದು ಒಳಗೆ ಇಬ್ಬರಿಗೂ ಸಮನಾಗಿ ಹಂಚಿಹೋಗುತ್ತದೆ ಎಂಬ ನಂಬಿಕೆ. ವರ್ಗದ ಚಿಹ್ನೆಯೂ ಹಾಗೇ ಹಂಚಿಹೋಗಲಿ ಎನ್ನುತ್ತಾರೆ.

ಕಣಕ್ಕೆ ಕರೆದುಕೊಂಡು ಹೋದೆ. ಸಿಮೆಂಟಿನ ಕಣ, 20 ಅಡಿ ಚೌಕ. ಎರಡು ಪಕ್ಕಕ್ಕೆ 3 ಅಡಿ ಹೆಚ್ಚಿಸಬೇಕೆಂಬ ಮಾತು ಮನೆಯಲ್ಲಿ ಮೊದಲೇ ನಡೆದಿತ್ತು. ಇದ್ದಲಿನಲ್ಲಿ ಗೆರೆ ಎಳೆದೆವು. ಹಳೆಯ ಕಣ 400 ಚದರಡಿ. ಅವಳ ಲೆಕ್ಕದ ಪ್ರಕಾರ ಹೊಸ ಕಣ 400 + 9 = 409. ಅಂದರೆ ಮೂಲೆಯಲ್ಲೊಂದು ಮೂರಡಿಯ ತುಂಡು ಮಾತ್ರ ಸೇರಿದೆ, ಅದೂ ಹಳೆಯ ಕಣಕ್ಕೆ ತುದಿಯಲ್ಲಿ ತಗುಲಿಕೊಂಡು. ಅದನ್ನು ನೋಡಿ ಅವಳೇ ನಕ್ಕಳು. ಈ ಪಕ್ಕ 20ಕ್ಕೆ 3ರ ಪಟ್ಟಿ, ಆ ಪಕ್ಕ 20ಕ್ಕೆ 3ರ ಪಟ್ಟಿ, ಎರಡೂ ಸೇರಿ 120. ಒಟ್ಟು 529. ನಡುವಿನ 2ಅಬ ಎಲ್ಲಿಂದ ಬಂತು ಎಂದು ಆಮೇಲೆ ಅವಳು ಕೇಳಲಿಲ್ಲ.

ಗಾರೆ ಕೆಲಸದವರು ಬಂದು ಅಂದಾಜು ಹೇಳಿದರು: "ಎರಡು ಪಟ್ಟಿ ಅಲ್ವಾ ಸಾರ್, ಒಂದೊಂದು ಅರವತ್ತು. ಒಂದೂಕಾಲು ಚದರ ಹಿಡೀರಿ." ಇಲ್ಲಿ ಒಂದು ಚದರ ಅಂದರೆ ನೂರು ಚದರಡಿ. ಅವರ ಬಾಯಿಲೆಕ್ಕದಲ್ಲಿ ಮೂಲೆಯ 9 ಬಿಟ್ಟುಹೋಗಿತ್ತು, ಆದರೆ 'ಕಾಲು' ಅನ್ನುವುದರಲ್ಲಿ ಅರ್ಧ ನುಸುಳಿಕೊಂಡಿತ್ತು. ಸ್ಕೂಲಿನ ಮಗು ಪಟ್ಟಿ ಮರೆತು ಮೂಲೆ ನೆನಪಿಟ್ಟುಕೊಳ್ಳುತ್ತದೆ. ಮೇಸ್ತ್ರಿ ಪಟ್ಟಿ ನೆನಪಿಟ್ಟುಕೊಂಡು ಮೂಲೆ ಮರೆಯುತ್ತಾನೆ. ಒಬ್ಬರ ಮುಂದೆ ಇರುವುದು ಚಿಹ್ನೆ, ಇನ್ನೊಬ್ಬರ ಮುಂದೆ ಇರುವುದು ನೆಲ. ಮೇಸ್ತ್ರಿಯ ತಪ್ಪೇ ಮೇಲು, ಅದು ಸತ್ಯಕ್ಕೆ ಹೆಚ್ಚು ಹತ್ತಿರ.

*

ವರ್ಗ ಮಾಡಲು ಹಳೆಯ ದಾರಿಗಳೂ ಇವೆ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಹೊತ್ತಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಸಂಸ್ಕೃತದಲ್ಲಿ. ಜ್ಯೋತಿಷ್ಯದ ಹಂಗಿಲ್ಲದ, ಬರೀ ಗಣಿತದ ಪುಸ್ತಕ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದ ಮೇಲೆ ಹೊರಗಿನವರಿಗೂ ಗೊತ್ತಾಯಿತು.

ವರ್ಗ ಮಾಡಲು ಆತ ಕೊಡುವ ದಾರಿಗಳಲ್ಲಿ ಒಂದು: ಸಂಖ್ಯೆಗೆ ಬೇಕಾದಷ್ಟು ಕೂಡು, ಅಷ್ಟನ್ನೇ ಕಳೆ, ಎರಡನ್ನೂ ಗುಣಿಸು, ಕೂಡಿ ಕಳೆದದ್ದರ ವರ್ಗವನ್ನು ಸೇರಿಸು. ನಮ್ಮ ಬರವಣಿಗೆಯಲ್ಲಿ

ಯ² = (ಯ + ಅ)(ಯ − ಅ) + ಅ²

47ರ ವರ್ಗ ಬೇಕೇ? 3 ಕೂಡಿದರೆ 50, ಕಳೆದರೆ 44. 50 × 44 = 2200, ಅದಕ್ಕೆ 9. 2209. 98ರ ವರ್ಗ? 100 × 96 + 4 = 9604. ಕಾಗದ ಬೇಡ. ಪುಸ್ತಕದ ಅ² − ಬ² = (ಅ + ಬ)(ಅ − ಬ) ಇದೇ ತಾನೆ, ಒಂದು ಪದ ಆಚೆಯಿಂದ ಈಚೆಗೆ ಬಂದಿದೆ ಅಷ್ಟೆ. ಆದರೆ ಅಲ್ಲಿ ಅದು ಉಪಯೋಗಕ್ಕೆ ಬಂದು ನಿಂತಿದೆ, ಇಲ್ಲಿ ಅದು ಬಾಯಿಪಾಠದ ನಿತ್ಯಸಮೀಕರಣ.

ಋಣ ಸಂಖ್ಯೆಯ ವರ್ಗವೂ ಧನವೇ, ಹಾಗಾಗಿ ಋಣ ಸಂಖ್ಯೆಗೆ ವರ್ಗಮೂಲವೇ ಇಲ್ಲ ಎಂಬ ಮಾತನ್ನೂ ಮಹಾವೀರ ಹೇಳಿದ್ದಾನೆ. ಯ² − 9 ಒಡೆಯುತ್ತದೆ, ಯ² + 9 ಯಾಕೆ ಒಡೆಯುವುದಿಲ್ಲ ಎಂದು ಕೇಳುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಕನ್ನಡದಲ್ಲೇ ಗಣಿತ ಬರೆದವನು ಬೇಕೆಂದರೆ ಹನ್ನೆರಡನೇ ಶತಮಾನದ ರಾಜಾದಿತ್ಯ. ವ್ಯವಹಾರಗಣಿತ, ಕ್ಷೇತ್ರಗಣಿತ ಅವನವು. ಹೊಯ್ಸಳರ ಕಾಲ, ಅಂದರೆ ಹಳೇಬೀಡು ರಾಜಧಾನಿಯಾಗಿದ್ದ ಕಾಲ. ಈ ಪಾಳ್ಯದಿಂದ ಹಳೇಬೀಡಿಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ದೇವಸ್ಥಾನ ನೋಡಲು ಬಸ್ಸು ಬಸ್ಸು ಮಕ್ಕಳು ಬರುತ್ತಾರೆ. ರಾಜಾದಿತ್ಯನ ಹೆಸರು ಕೇಳಿದವರು ಅವರಲ್ಲಿ ಒಬ್ಬರಾದರೂ ಇದ್ದರೆ ನನಗೆ ತೋರಿಸಿ.

*

ಯ² + 7ಯ + 12. ಗುಣಿಸಿದರೆ 12, ಕೂಡಿದರೆ 7 ಬರುವ ಎರಡು ಸಂಖ್ಯೆ ಹುಡುಕು. ಹುಡುಗಿ ಬೆರಳು ಮಡಚುತ್ತಾ ಗುನುಗುತ್ತಾಳೆ: ಒಂದು ಹನ್ನೆರಡು, ಹದಿಮೂರು, ಊಹೂಂ. ಎರಡು ಆರು, ಎಂಟು, ಊಹೂಂ. ಮೂರು ನಾಲ್ಕು, ಏಳು! ಮಧ್ಯದ ಪದವನ್ನು ಸೀಳಿ (ಯ + 3)(ಯ + 4).

ಗಣಿತದಲ್ಲಿ ಊಹೆಗೆ ಜಾಗವಿಲ್ಲ, ಹಂತಹಂತವಾಗಿ ಬರೆ ಎಂದು ವರ್ಷವೆಲ್ಲ ಹೇಳಿಸಿಕೊಂಡ ಮಗುವಿಗೆ ಇಲ್ಲಿ ಊಹಿಸು ಎಂದು ಹೇಳುತ್ತಿದ್ದೇವೆ. ಬಿಡಿಸುವುದಕ್ಕೆ ಕೈ ಸಾಕು. ಕಟ್ಟುವುದಕ್ಕೆ ಕಣ್ಣು ಬೇಕು. ಬಿಡಿಸುವಾಗ ಸೋಲುವುದೆಂದರೆ ತಪ್ಪು ಮಾಡುವುದು, ಕಟ್ಟುವಾಗ ಸೋಲುವುದೆಂದರೆ ಏನೂ ಹೊಳೆಯದೆ ಕೂರುವುದು. ಎರಡನೆಯ ಸೋಲನ್ನು ಮಕ್ಕಳು ದಡ್ಡತನ ಅಂದುಕೊಳ್ಳುತ್ತಾರೆ. ಅದೇ ನನಗೆ ಸಂಕಟ.

ಇನ್ನೊಂದು ಪರೀಕ್ಷೆ ಮಾಡಿದೆ. ಯ² + 7ಯ ಇಟ್ಟುಕೊಂಡು ಕೊನೆಗೆ 1ರಿಂದ 12ರವರೆಗೆ ಒಂದೊಂದನ್ನೇ ಸೇರಿಸುತ್ತಾ ಹೋದೆ. ಪೂರ್ಣಾಂಕಗಳಲ್ಲಿ ಒಡೆದದ್ದು ಮೂರೇ: 6, 10, 12. ಉಳಿದ ಒಂಬತ್ತೂ ಜಗ್ಗಲಿಲ್ಲ. 12 ಇದ್ದರೆ ಸಲೀಸು, 11 ಮಾಡಿದರೆ ಬೀಗ ಬಿದ್ದಂತೆ. ಪುಸ್ತಕದ ಅಭ್ಯಾಸದಲ್ಲಿ ಮಾತ್ರ ಎಲ್ಲವೂ ಒಡೆಯುತ್ತವೆ. ಒಡೆಯುವವನ್ನೇ ಆರಿಸಿ ಹಾಕಿರುತ್ತಾರೆ. 'ಅಪವರ್ತಿಸಿ, ಆಗದಿದ್ದರೆ ಆಗದು ಎಂದು ಹೇಳಿ' ಎಂಬ ಒಂದು ಪ್ರಶ್ನೆ ಇದ್ದಿದ್ದರೆ ಹುಡುಗಿಯ ಅರ್ಧ ಭಯ ಹೋಗುತ್ತಿತ್ತು.

*

ಸಂಖ್ಯೆಗಳನ್ನು ಒಡೆಯುವುದು ಇನ್ನೂ ಕಷ್ಟ. 2491 ಯಾವುದರಿಂದ ಹೋಗುತ್ತದೆ? ಸುಮ್ಮನೆ ನೋಡಿದರೆ ಹೊಳೆಯದು. 2500 − 9 ಎಂದು ಬರೆದರೆ 50² − 3², ಅಂದರೆ 53 × 47. ಫ್ರಾನ್ಸಿನ ಫರ್ಮಾ ಹದಿನೇಳನೇ ಶತಮಾನದಲ್ಲಿ ಇದೇ ಉಪಾಯದಿಂದ 2027651281 ಅನ್ನು 46061 × 44021 ಎಂದು ಒಡೆದು ತೋರಿಸಿದ. ಕೈಯಲ್ಲೇ!

1977ರಲ್ಲಿ ಮಾರ್ಟಿನ್ ಗಾರ್ಡ್‌ನರ್ ತನ್ನ ಗಣಿತದ ಅಂಕಣದಲ್ಲಿ 129 ಅಂಕಿಗಳ ಒಂದು ಸಂಖ್ಯೆ ಕೊಟ್ಟು ಒಡೆಯಿರಿ ಅಂದ. ರೈವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಕಟ್ಟಿದ ಗುಪ್ತಲಿಪಿಯ ಸವಾಲು ಅದು. ಒಡೆದದ್ದು 1994ರಲ್ಲಿ, ಸುಮಾರು 600 ಮಂದಿಯ ಕಂಪ್ಯೂಟರುಗಳು ಸೇರಿ. ಸಿಕ್ಕಿದ್ದು 64 ಅಂಕಿಯ ಒಂದು, 65 ಅಂಕಿಯ ಒಂದು. ಆ ಎರಡನ್ನು ಗುಣಿಸಿ ವಾಪಸ್ಸು ಬರುವುದಕ್ಕೆ ಹುಡುಗಿಗೆ ಒಂದು ದೊಡ್ಡ ಹಾಳೆ, ಒಂದು ರಜಾದಿನ ಸಾಕು.

ಅಕ್ಷರಗಳ ಕತೆ ಉಲ್ಟಾ. ಎಷ್ಟೇ ಉದ್ದದ ಬೀಜೋಕ್ತಿಯಾಗಲಿ, ಪೂರ್ಣಾಂಕ ಸಹಗುಣಕಗಳಿದ್ದರೆ ಅದನ್ನು ಚುರುಕಾಗಿ ಒಡೆಯುವ ಖಚಿತ ವಿಧಾನವನ್ನು 1982ರಲ್ಲೇ ಲೆನ್‌ಸ್ಟ್ರಾ ಸಹೋದರರು ಮತ್ತು ಲೊವಾಸ್ ಕೊಟ್ಟರು. ಆ ಸಹೋದರರಲ್ಲಿ ಒಬ್ಬ, ಅರ್ಯೆನ್, 1994ರ ತಂಡದಲ್ಲೂ ಇದ್ದ. ಯ ಗೊತ್ತಿಲ್ಲದಿರುವಾಗ ಒಡೆಯುವುದು ಸುಲಭ, ಯ ಗೊತ್ತಾಗಿ ಸಂಖ್ಯೆಯಾದ ಕೂಡಲೇ ಕಷ್ಟ. ಎಷ್ಟು ಸಲ ಓದಿದರೂ ಇದು ನನಗೆ ಒಗ್ಗಿಲ್ಲ. ಯ² + 5ಯ + 6ರಲ್ಲಿ 5 ಬೇರೆ, 6 ಬೇರೆ ಎಂದು ಕಾಣುತ್ತಿರುತ್ತದೆ. 156ರಲ್ಲಿ, ಗುಣಿಸುವಾಗ ದಶಕ ಏರಿದ್ದು ಎಲ್ಲಿ, ಏರದಿದ್ದದ್ದು ಎಲ್ಲಿ ಎಂಬ ಗುರುತು ಅಳಿಸಿಹೋಗಿರುತ್ತದೆ. ಅಷ್ಟು ಕಾರಣ ಸಾಕೇ? ಗೊತ್ತಾಗುತ್ತಿಲ್ಲ.

*

ಭಿನ್ನರಾಶಿ ಬಂತು, ಪೆನ್ನಿನಿಂದ ಹೊಡೆದುಹಾಕುವ ಹಬ್ಬ ಬಂತು. (ಯ + 6)/6. ಮೇಲಿನ 6, ಕೆಳಗಿನ 6, ಎರಡಕ್ಕೂ ಗೀಟು. ಉಳಿದದ್ದು ಯ! ಯ ಜಾಗಕ್ಕೆ 6 ಹಾಕಿದರೆ 12/6, ಅಂದರೆ 2. ಆದರೆ ಗೀಟು ಹಾಕಿದ ಉತ್ತರ 6. ಪದಕ್ಕೆ ಗೀಟು ಹಾಕುವಂತಿಲ್ಲ, ಅಪವರ್ತನಕ್ಕೆ ಮಾತ್ರ ಹಾಕಬಹುದು. ಕೂಡಿದ್ದನ್ನು ಬಿಟ್ಟು ಗುಣಿಸಿದ್ದನ್ನು ಹೊಡೆ. ಅದಕ್ಕೇ ಮೊದಲು ಆವರಣ ಕಟ್ಟಬೇಕಾದ್ದು. ಹುಡುಗಿಯ ಮೊದಲ ತಕರಾರಿಗೆ ಇದೂ ಒಂದು ಉತ್ತರ.

ಆದರೆ (ಯ² − 9)/(ಯ − 3) ನೋಡಿ. ಮೇಲಿನದನ್ನು (ಯ + 3)(ಯ − 3) ಮಾಡಿ, ಯ − 3ಕ್ಕೆ ಗೀಟು ಹಾಕಿ, ಉತ್ತರ ಯ + 3. ಪೂರ್ತಿ ಅಂಕ. ಯ ಜಾಗಕ್ಕೆ 3 ಹಾಕಿ ನೋಡಿ. ಉತ್ತರದಲ್ಲಿ 6 ಬರುತ್ತದೆ. ಪ್ರಶ್ನೆಯಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕು, ಅದಕ್ಕೆ ಬೆಲೆಯೇ ಇಲ್ಲ. ಅಂದರೆ ಸಂಕ್ಷೇಪಿಸುವಾಗ ಮೂಲದಲ್ಲಿದ್ದ ಒಂದು ತೂತು ಮುಚ್ಚಿಹೋಯಿತು. 'ಯ 3 ಆಗಿರಬಾರದು' ಎಂದು ಪಕ್ಕದಲ್ಲಿ ಬರೆದಿಡದಿದ್ದರೆ ಎರಡೂ ಒಂದೇ ಅಲ್ಲ. ಹುಡುಗಿಗೆ ಹೇಳಿದೆ. "ಅದನ್ನ ಬರೆದ್ರೆ ಮಿಸ್ಸು ಯಾಕೆ ಬರೆದೆ ಅಂತ ಕೇಳ್ತಾರೆ ಮಾವ." ಕೇಳಲಿ ಬಿಡು, ಕೇಳಿದರೆ ಒಳ್ಳೆಯದೇ.

*

'ಸಂಕ್ಷೇಪಿಸಿ' ಎಂದರೆ ಚಿಕ್ಕದು ಮಾಡು ಎಂದು ತಾನೆ? ಯ⁶ − 1 ಎಷ್ಟು ಚಿಕ್ಕದು, ಎರಡೇ ಪದ. ಅಪವರ್ತಿಸಿದರೆ

(ಯ − 1)(ಯ + 1)(ಯ² + ಯ + 1)(ಯ² − ಯ + 1)

ಯಾವುದು ಸರಳ? ಎಲ್ಲಿ ಸೊನ್ನೆಯಾಗುತ್ತದೆ ಎಂದು ಕೇಳುವವನಿಗೆ ಎರಡನೆಯದು: 1ರಲ್ಲಿ, −1ರಲ್ಲಿ. ಯ 10 ಆದರೆ ಎಷ್ಟು ಎಂದು ಕೇಳುವವನಿಗೆ ಮೊದಲನೆಯದು: 999999. ಅದೇ 999999 ಯಾವುದರಿಂದೆಲ್ಲ ಭಾಗವಾಗುತ್ತದೆ ಎಂದರೆ ಮತ್ತೆ ಎರಡನೆಯದು: 9, 11, 111, 91. ಪ್ರಶ್ನೆ ಯಾವುದು ಎನ್ನದೆ ಸರಳ ಮಾಡು ಎನ್ನುವುದು, ಊರು ಯಾವುದು ಎನ್ನದೆ ಬಸ್ಸು ಹತ್ತು ಎಂದಂತೆ. ಪಾಯಿಂಟ್ ಲೆಕ್ಕ ಮಾಡುವವರಿಗೆ ಈ ತೊಂದರೆಯಿಲ್ಲ, ಅವರ ಪ್ರಶ್ನೆ ಮೊದಲೇ ಕಣದಲ್ಲಿ ಒಣಗುತ್ತಿರುತ್ತದೆ.

ಇದೇ ಜಾತಿಯ ಇನ್ನೊಂದು ವಿಚಿತ್ರ. ಯ² − 1, ಯ³ − 1, ಯ⁴ − 1 ಹೀಗೆ ಒಂದೊಂದನ್ನೇ ಪೂರ್ತಿ ಒಡೆಯುತ್ತಾ ಹೋದರೆ ತುಂಡುಗಳಲ್ಲಿ ಬರುವ ಸಹಗುಣಕಗಳು 0, 1, −1 ಮಾತ್ರ. ಹತ್ತಾಯಿತು, ಐವತ್ತಾಯಿತು, ನೂರಾಯಿತು, ಅದೇ ಕತೆ. ಯಾವಾಗಲೂ ಹೀಗೇ ಎಂದು ಯಾರಾದರೂ ನಂಬಿಯೇ ನಂಬುತ್ತಾರೆ. ಯ¹⁰⁵ − 1ರಲ್ಲಿ ಮೊದಲ ಸಲ −2 ತಲೆ ಹಾಕುತ್ತದೆ. 105 ಎಂದರೆ 3 × 5 × 7. ಮೂರು ಬೇರೆಬೇರೆ ಬೆಸ ಅವಿಭಾಜ್ಯಗಳು ಕೂಡಿಬರುವ ಮೊದಲ ಸಂಖ್ಯೆಯೇ ಅದು.

*

ಯ⁴ + 4 ಒಡೆಯುತ್ತದೆಯೇ? ನಡುವೆ ಕೂಡಿಸುವ ಚಿಹ್ನೆ ಇದ್ದರೆ ಒಡೆಯದು ಎಂದು ಹುಡುಗಿ ಯ² + 9ರಲ್ಲೇ ಕಲಿತಿದ್ದಾಳೆ, ಹಾಗಾಗಿ "ಬರಲ್ಲ" ಅಂದಳು. ಫ್ರಾನ್ಸಿನ ಸೋಫಿ ಜರ್ಮೇನ್ ಹೆಸರಿನಲ್ಲಿ ಒಂದು ನಿತ್ಯಸಮೀಕರಣ ಇದೆ. ಹೆಣ್ಣು ಎಂದು ತಿಳಿದರೆ ಓದುವುದಿಲ್ಲವೆಂದು ಗಂಡಿನ ಹೆಸರಲ್ಲಿ ಗೌಸನಂಥ ಗಣಿತಜ್ಞರಿಗೆ ಕಾಗದ ಬರೆಯುತ್ತಿದ್ದವಳು ಆಕೆ. ಉಪಾಯ ಇಷ್ಟೇ: ಇಲ್ಲದ 4ಯ² ಅನ್ನು ತಂದು ಕೂಡು, ಅದನ್ನೇ ಕಳೆ.

ಯ⁴ + 4ಯ² + 4 − 4ಯ² = (ಯ² + 2)² − (2ಯ)² = (ಯ² + 2ಯ + 2)(ಯ² − 2ಯ + 2)

ಯ ಜಾಗಕ್ಕೆ 3 ಹಾಕಿದರೆ 85 = 17 × 5. 10 ಹಾಕಿದರೆ 10004 = 122 × 82. ಮಹಾವೀರ ಬೇಕಾದಷ್ಟು ಕೂಡಿ ಅಷ್ಟನ್ನೇ ಕಳೆದ ಹಾಗೇ ಇದೂ. ಇಲ್ಲದ್ದನ್ನು ತಂದಿಟ್ಟು ಉದ್ದ ಮಾಡಿ, ಆಮೇಲೆ ಒಡೆಯುವುದು.

ಹುಡುಗಿ ಪುಸ್ತಕ ಮುಚ್ಚಿ ತಾನೇ ಶುರು ಮಾಡಿದಳು. 4ರ ಜಾಗದಲ್ಲಿ 16 ಹಾಕಿದಳು: (ಯ² + 4)² − 8ಯ². 8ಕ್ಕೆ ವರ್ಗಮೂಲ ಸರಿಯಾಗಿ ಬರಲ್ಲ, ಬಿಟ್ಟಳು. 36 ಹಾಕಿದಳು: ಕಳೆಯಬೇಕಾದ್ದು 12ಯ², ಅದೂ ಇಲ್ಲ. 64: (ಯ² + 8)² − 16ಯ². "ಬಂತು ಮಾವ!" 100 ಇಲ್ಲ, 144 ಇಲ್ಲ, 196 ಇಲ್ಲ, 256 ಇಲ್ಲ. 324: (ಯ² + 18)² − 36ಯ², ಬಂತು. ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ: 4, 64, 324. ಮುಂದಿನದು ಎಷ್ಟು ಎಂದು ಪ್ರತಿಯೊಂದನ್ನೂ ಹಾಕಿ ನೋಡುವುದನ್ನು ಬಿಟ್ಟು, ಎಲ್ಲವನ್ನೂ 4ರಿಂದ ಭಾಗಿಸಿ 1, 16, 81 ಎಂದು ಕೆಳಗೆ ಬರೆಯುತ್ತಿದ್ದಾಳೆ.